ಬಲೂನ್ ಕೊಟ್ಟವರು: ದಾವಣಗೆರೆಯ ಒಂದು ಓಣಿ ಗ್ರೂಪಿನ ಪ್ರಕರಣ

ಡಿಲೀಟ್ ಒತ್ತಿದ್ದು ನಾನೇ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸಲೀಸು.

ದಾವಣಗೆರೆಯ ಹಳೇ ಊರಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಆಧಾರ್ ಪ್ರಿಂಟ್, ಪಹಣಿ, ಪರೀಕ್ಷೆ ಅರ್ಜಿ, ಲ್ಯಾಮಿನೇಷನ್. ಫೋನಿನಲ್ಲಿ ಇರುವುದನ್ನು ಕಾಗದಕ್ಕೆ ಇಳಿಸಿಕೊಳ್ಳಲು ಬರುವವರೇ ಜಾಸ್ತಿ. ಹಾಗಾಗಿ ಓಣಿಯ ಅರ್ಧಕ್ಕರ್ಧ ಜನರ ನಂಬರ್ ನನ್ನ ಹತ್ತಿರ ಇದೆ. ಆ ಒಂದೇ ಅರ್ಹತೆ ನೋಡಿ ನನ್ನನ್ನು ಓಣಿಯ ವಾಟ್ಸಾಪ್ ಗ್ರೂಪಿಗೆ ಅಡ್ಮಿನ್ ಮಾಡಿದರು. ಸಂಬಳ ಇಲ್ಲ, ಬೈಗುಳ ಮಾತ್ರ ತಪ್ಪಿದ್ದಲ್ಲ.

ಗ್ರೂಪಿನಲ್ಲಿ ಆಗ 612 ಜನ. ನೀರು ಯಾವಾಗ ಬರುತ್ತದೆ, ಕರೆಂಟ್ ಯಾವಾಗ ಹೋಗುತ್ತದೆ, ಯಾರ ಮನೆಯಲ್ಲಿ ಸಾವಾಗಿದೆ, ದುಗ್ಗಮ್ಮನ ಜಾತ್ರೆಗೆ ಪಟ್ಟಿ ಎಷ್ಟು, ಸಿಕ್ಕ ಬೀಗದ ಕೈ ಯಾರದು. ಇಷ್ಟೇ ಅದರ ವ್ಯವಹಾರ. ನನ್ನ ಜೊತೆ ಇನ್ನಿಬ್ಬರು ಅಡ್ಮಿನ್. ಒಬ್ಬರು ನಿವೃತ್ತ ಹೈಸ್ಕೂಲ್ ಟೀಚರ್, ಓಣಿಗೆಲ್ಲ ಅವರು 'ಮೇಡಂ'. ಇನ್ನೊಬ್ಬ ಮಂಡಿಪೇಟೆಯ ಜವಳಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗ. ಯಾರ ಹೆಸರನ್ನೂ ಇಲ್ಲಿ ಹಾಕುತ್ತಿಲ್ಲ. ಹೆಸರು ಹಾಕಿ ಏನಾಗುತ್ತದೆ ಅಂತ ಆ ಶನಿವಾರ ನೋಡಿದ್ದು ಸಾಕು.

ಶನಿವಾರ ಸಂಜೆ

ಶ್ರಾವಣದ ಶನಿವಾರ. ಸಂಜೆ 4:10ಕ್ಕೆ ಗ್ರೂಪಿಗೆ ಒಂದು ಫೋಟೋ ಬಂತು. ಮೊಪೆಡ್ ಮೇಲೆ ಇಬ್ಬರು ಗಂಡಸರು, ಹಿಂದೆ ದೊಡ್ಡ ಚೀಲ. ಮುಂದೆ ಕೂತವನು ನಾಲ್ಕೈದು ವರ್ಷದ ಹುಡುಗನ ಕೈಗೆ ಬಲೂನ್ ಕೊಡುತ್ತಿದ್ದಾನೆ. ಕೆಳಗೆ ಬರಹ: 'ಮಕ್ಕಳ ಕಳ್ಳರು. ನಮ್ ಏರಿಯಾದಾಗೇ ಓಡಾಡ್ತಿದಾರೆ. ಎಲ್ಲಾ ಗ್ರೂಪಿಗೂ ಕಳಿಸಿ.' ಅದರ ಹಿಂದೆಯೇ ಒಂದು ವಾಯ್ಸ್ ಮೆಸೇಜು. ಗಾಬರಿಯ ಹೆಣ್ಣು ದನಿ. 'ಚೀಲದಾಗೆ ಹಾಕ್ಕೊಂಡು ಹೋಗ್ತಾರಂತ್ರೀ, ಬಾಗ್ಲು ಹಾಕ್ಕೊಳ್ರಿ.' ಯಾವ ಊರು, ಯಾವ ದಿನ, ಒಂದೂ ಅದರಲ್ಲಿ ಇರಲಿಲ್ಲ.

ಹಾಕಿದವರು ಹಿಟ್ಟಿನ ಗಿರಣಿಯ ಅಜ್ಜಾರು. ಕಂಡಿದ್ದನ್ನೆಲ್ಲ ಫಾರ್ವರ್ಡ್ ಮಾಡುವ ಪೈಕಿ ಅಲ್ಲ. ಅದಕ್ಕೇ ಜನ ನಂಬಿದರು.

ನಾನು ನೋಡಿದ್ದು 4:35ಕ್ಕೆ. ಎದೆ ಧಸಕ್ ಎಂದಿತು. ಯಾಕಂದರೆ ಫೋಟೋದಲ್ಲಿದ್ದವರು ಯಾರು ಅಂತ ನನಗೆ ಗೊತ್ತಿತ್ತು. ತಲೆ ಕೂದಲು ಕೊಳ್ಳುವವರು. ಮೊಪೆಡ್‌ಗೆ ಸಣ್ಣ ಮೈಕ್ ಕಟ್ಟಿಕೊಂಡು, ರೆಕಾರ್ಡ್ ಮಾಡಿದ ಕೂಗು ಹಾಕಿಕೊಂಡು ಓಣಿ ಓಣಿ ತಿರುಗುತ್ತಾರಲ್ಲ, ಅವರು. ಬಾಚಿದಾಗ ಉದುರಿದ ಕೂದಲನ್ನು ಹೆಂಗಸರು ಉಂಡೆ ಮಾಡಿ ಕಿಟಕಿ ಸಂದಿಯಲ್ಲಿ ಸಿಕ್ಕಿಸಿ ಇಟ್ಟಿರುತ್ತಾರೆ. ಅದನ್ನು ಕೊಟ್ಟರೆ ಪಿನ್ನು, ಸ್ಟೀಲ್ ಬಟ್ಟಲು, ಜಾಸ್ತಿ ಇದ್ದರೆ ದುಡ್ಡು. ಪಕ್ಕದಲ್ಲಿ ನಿಂತ ಮಗುವಿಗೆ ಒಂದು ಬಲೂನ್. ಅದು ಅವರ ವ್ಯಾಪಾರದ ರೀತಿ. ಚೀಲದಲ್ಲಿ ಇದ್ದದ್ದು ಕೂದಲು.

ಮೂವರು ಅಡ್ಮಿನ್‌ಗಳು ಫೋನಿನಲ್ಲಿ ಮಾತಾಡಿದ್ದು ಎರಡೇ ನಿಮಿಷ. ಮೇಡಂ, "ಮೊದ್ಲು ತೆಗೀರಿ, ಆಮೇಲೆ ಮಾತಾಡೋಣ" ಅಂದರು. ಹುಡುಗ ಬೇಡ ಅಂದ. "ಅಣ್ಣಾ, ಸುಮ್ನೆ ತೆಗೆದ್ರೆ ಏನೋ ಮುಚ್ಚಿಡ್ತಾರೆ ಅಂತಾರೆ. ಇವ್ರು ಕೂದ್ಲು ತಗೊಳ್ಳೋರು ಅಂತ ಕೆಳಗೆ ಬರೀರಿ ಸಾಕು." ನಾನು ಮೇಡಂ ಮಾತು ಕೇಳಿದೆ. 4:41ಕ್ಕೆ ಫೋಟೋವನ್ನೂ ವಾಯ್ಸನ್ನೂ ಎಲ್ಲರ ಫೋನಿಂದ ಅಳಿಸಿದೆ. ಅಡ್ಮಿನ್‌ಗೆ ಆ ಅಧಿಕಾರ ಬಂದದ್ದು 2022ರಲ್ಲಿ. ಯಾಕೆ ಅಳಿಸಿದೆ ಅಂತ ಏನನ್ನೂ ಬರೆಯಲಿಲ್ಲ. ಕೌಂಟರ್ ಮುಂದೆ ಆರು ಜನ ನಿಂತಿದ್ದರು, ಪ್ರಿಂಟರ್‌ನಲ್ಲಿ ಪೇಪರ್ ಸಿಕ್ಕಿಕೊಂಡಿತ್ತು. ಇದು ನೆಪ ಅಂತ ನನಗೂ ಗೊತ್ತು.

ಅಳಿಸಿದರೂ ಗುರುತು ಉಳಿಯುತ್ತದೆ. ಮೆಸೇಜನ್ನು ಅಡ್ಮಿನ್ ಅಳಿಸಿದ್ದಾರೆ ಅಂತ ಒಂದು ಸಾಲು, ಜೊತೆಗೆ ನನ್ನ ಹೆಸರು. ಮೊದಲು ನೋಡದೇ ಇದ್ದವರಿಗೂ ಈಗ ಕುತೂಹಲ. 'ಏನಿತ್ತು?' 'ಯಾಕೆ ತೆಗೆದ್ರಿ?' 'ಮಕ್ಕಳ ವಿಷ್ಯ ಮುಚ್ಚಿಡ್ತೀರಾ?' ಯಾರೋ ಆಗಲೇ ಸ್ಕ್ರೀನ್‌ಶಾಟ್ ಹೊಡೆದಿದ್ದರು. ಅದು ವಾಪಸ್ ಬಂತು, ಈ ಸಲ ಹೊಸ ಸಾಲಿನ ಜೊತೆ: 'ಅಡ್ಮಿನ್ ಡಿಲೀಟ್ ಮಾಡಿದ ಫೋಟೋ, ತೆಗೆಯೋ ಮೊದ್ಲು ನೋಡಿ.' ಸುಳ್ಳಿಗೆ ನಾನೇ ಸೀಲು ಒತ್ತಿ ಕೊಟ್ಟ ಹಾಗಾಯಿತು.

ಇಲ್ಲಿ ಒಂದು ವಿಷಯ ಹೇಳಬೇಕು. 2018ರ ಜುಲೈಯಲ್ಲಿ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ 5 ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು ಎಂದು ಮಿತಿ ಹಾಕಿತು. 2020ರ ಏಪ್ರಿಲ್‌ನಲ್ಲಿ ಇನ್ನೂ ಬಿಗಿ ಮಾಡಿತು. ಬಹಳ ಕೈ ದಾಟಿ ಬಂದ ಮೆಸೇಜಿಗೆ ಎರಡು ಬಾಣದ ಗುರುತು ಬೀಳುತ್ತದೆ, ಅದನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು. ಒಳ್ಳೆಯ ಉಪಾಯವೇ. ಆದರೆ ಸ್ಕ್ರೀನ್‌ಶಾಟ್ ಅಂದರೆ ಹೊಸ ಫೋಟೋ. ಅದರ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ನಮ್ಮ ಗ್ರೂಪಿಗೆ ವಾಪಸ್ ಬಂದ ಫೋಟೋಗೆ ಎರಡು ಬಾಣ ಬಿಡಿ, ಒಂದು ಬಾಣವೂ ಇರಲಿಲ್ಲ.

6 ಗಂಟೆ ಸುಮಾರಿಗೆ ಹಿಂದಿನ ಓಣಿಯ ಮಂಡಕ್ಕಿ ಮಿರ್ಚಿ ಗಾಡಿಯ ಹತ್ತಿರ ಅವರಿಬ್ಬರನ್ನೂ ಹಿಡಿದು ನಿಲ್ಲಿಸಿದರು. ಮೊಪೆಡ್ ಕೀಲಿ ಕಿತ್ತುಕೊಂಡರು. ಚೀಲ ಬಿಚ್ಚಿ ರಸ್ತೆಗೆ ಸುರಿದರು. ಕೂದಲ ಉಂಡೆಗಳು ಬಿದ್ದವು. ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. ಗುಂಪಿನಲ್ಲಿ ಒಬ್ಬ, "ಇದು ಯಾರ ಕೂದ್ಲಲೇ?" ಎಂದು ಕೇಳಿದ. ಆ ಕ್ಷಣದಲ್ಲಿ ಕೂದಲೇ ಸಾಕ್ಷಿಯಾಗಿ ಹೋಯಿತು. ಒಂದು ಏಟು ಬಿತ್ತು. ಇನ್ನೊಂದು ಬಿತ್ತು.

ಉಳಿಸಿದ್ದು ಒಬ್ಬ ಅಜ್ಜಿ. ಹಾಲು ತರಲು ಹೊರಟಿದ್ದವರು ಗುಂಪಿನೊಳಗೆ ನುಗ್ಗಿ, "ಅಯ್ಯೋ, ಇವ್ನು ನನ್ ಕೂದ್ಲು ತಗೊಂಡು ಹೋಗೋನು ಕಣ್ರಪ್ಪಾ. ಯುಗಾದಿಯಿಂದ ಬರ್ತಾನೆ. ಈ ಬಟ್ಲು ಇವ್ನೇ ಕೊಟ್ಟಿದ್ದು" ಎಂದು ಕೈಯಲ್ಲಿದ್ದ ಹಾಲಿನ ಬಟ್ಟಲನ್ನು ಎತ್ತಿ ತೋರಿಸಿದರು. ಅಷ್ಟು ಹೊತ್ತಿಗೆ ಜವಳಿ ಅಂಗಡಿಯ ಹುಡುಗ 112ಕ್ಕೆ ಫೋನ್ ಮಾಡಿದ್ದ. ಪೊಲೀಸರು ಬಂದರು. ಒಬ್ಬನ ತುಟಿ ಒಡೆದಿತ್ತು. ದೂರು ಕೊಡುತ್ತೀರಾ ಅಂದರೆ ಇಬ್ಬರೂ ಬೇಡ ಅಂದರು. ಚೆಲ್ಲಿದ ಕೂದಲನ್ನು ತುಂಬಿಕೊಂಡು ಹೋಗಲು ಬಿಟ್ಟರೆ ಸಾಕಾಗಿತ್ತು ಅವರಿಗೆ.

ಬೀದರ್ ನೆನಪು

ಅವತ್ತು ರಾತ್ರಿ ಮೇಡಂ ಫೋನ್ ಮಾಡಿ ಒಂದೇ ಮಾತು ಕೇಳಿದರು. "ಮುರ್ಕಿ ನೆನಪಿದೆಯೇನಪ್ಪಾ?"

2018ರ ಜುಲೈ 13. ಬೀದರ್ ಜಿಲ್ಲೆಯ ಮುರ್ಕಿ. ಸುತ್ತಾಡಲು ಬಂದಿದ್ದ ಗೆಳೆಯರಲ್ಲಿ ಒಬ್ಬರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸಾಪಿನಲ್ಲಿ ಸುದ್ದಿ ಹೋಯಿತು. ಅವರ ಕಾರು ಮುಂದಿನ ಊರು ಮುಟ್ಟುವ ಮೊದಲೇ ಜನ ಸೇರಿದ್ದರು. ಹೈದರಾಬಾದಿನ ಒಬ್ಬ ಯುವಕನನ್ನು ಹೊಡೆದು ಕೊಂದರು. ಅದೇ ತಿಂಗಳ 1ನೇ ತಾರೀಕು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಇದೇ ಕಾರಣಕ್ಕೆ ಐವರು ಸತ್ತಿದ್ದರು. ಆಗ ದೇಶವೆಲ್ಲ ಓಡಾಡಿದ ವಿಡಿಯೋಗಳಲ್ಲಿ ಒಂದು ನಮ್ಮ ದೇಶದ್ದೇ ಅಲ್ಲ. ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗೆಂದು ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಮಗುವನ್ನು ವಾಪಸ್ ತಂದು ಬಿಡುವ ದೃಶ್ಯವಿತ್ತು. ಅದನ್ನಷ್ಟೇ ಕತ್ತರಿಸಿ ಹಾಕಿದ್ದರು.

ಚಾಕೊಲೇಟ್ ಜಾಗದಲ್ಲಿ ಬಲೂನ್. ಅಷ್ಟೇ ವ್ಯತ್ಯಾಸ. ಮೇಡಂ ವಾದ ಇಷ್ಟು: "ನೀನು ಅಳಿಸಿದ್ದು ಸರಿ. ತಡವಾಗಿ ಅಳಿಸಿದೆ, ಅದೇ ತಪ್ಪು. ಮಾತಾಡೋ ಹಕ್ಕು ಅಂತ ವಾದ ಮಾಡೋಕೆ ಮೊದ್ಲು ಮನುಷ್ಯ ಜೀವಂತ ಇರ್ಬೇಕಲ್ಲ."

ನನಗೆ ಇದಕ್ಕೆ ಎದುರು ಹೇಳಲು ಬಾಯಿ ಬರಲಿಲ್ಲ. ಇವತ್ತಿಗೂ ಆ ಫೋಟೋ ತೆಗೆಯಬೇಕಿತ್ತು ಅಂತಲೇ ನನ್ನ ಅಭಿಪ್ರಾಯ. ಮಾತಿಲ್ಲದೆ ತೆಗೆದದ್ದು ತಪ್ಪು.

ಮೊದಲು ಕಳಿಸಿದವರು ಯಾರು

ಭಾನುವಾರ ನಾವು ಮೂವರೂ ಹುಡುಕಲು ಹೊರಟೆವು. ಯಂತ್ರ ತಂತ್ರ ಏನೂ ಇಲ್ಲ, ಮನೆ ಮನೆಗೆ ನಡೆದು 'ನಿಮಗೆ ಯಾರು ಕಳಿಸಿದ್ರು?' ಅಂತ ಕೇಳಿದ್ದು. ಗಿರಣಿ ಅಜ್ಜಾರಿಗೆ ಬಂದದ್ದು ಅವರ ಅಳಿಯನಿಂದ. ಅಳಿಯನಿಗೆ ಒಂದು ಆಟೋ ಗ್ರೂಪಿನಿಂದ. ಅಲ್ಲಿಗೆ ಒಂದು ವಠಾರದ ಹೆಂಗಸರ ಗ್ರೂಪಿನಿಂದ. ಮಧ್ಯಾಹ್ನದ ಊಟದ ಹೊತ್ತಿಗೆ ಮೂಲ ಸಿಕ್ಕಿತು.

ಮೂಲದಲ್ಲಿ ಇದ್ದದ್ದು ಒಬ್ಬ ತಾಯಿ. ಮಗನಿಗೆ ಯಾರೋ ಬಲೂನ್ ಕೊಡುವುದನ್ನು ಮಹಡಿ ಮೇಲಿಂದ ನೋಡಿ ಫೋಟೋ ತೆಗೆದು ವಠಾರದ ಒಂಬತ್ತು ಹೆಂಗಸರಿಗೆ ಕಳಿಸಿದ್ದರು. ಜೊತೆಗೆ ಬರೆದದ್ದು: 'ಇವರು ಯಾರು? ಯಾರಿಗಾದ್ರೂ ಗೊತ್ತಾ?'

ಅಷ್ಟೇ. ಒಂದು ಪ್ರಶ್ನೆ. ಎರಡನೇ ಕೈಯಲ್ಲಿ ಅದು 'ಮಕ್ಕಳಿದ್ದೋರು ಹುಷಾರು' ಆಯಿತು. ಮೂರನೆಯ ಕೈಯಲ್ಲಿ 'ಮಕ್ಕಳ ಕಳ್ಳರು' ಆಯಿತು. ವಾಯ್ಸ್ ಬೇರೆಲ್ಲಿಂದಲೋ ಬಂದು ಅಂಟಿಕೊಂಡಿತ್ತು. ಅದರ ಮೂಲ ನಮಗೆ ಸಿಗಲೇ ಇಲ್ಲ. ಆ ತಾಯಿ ಕೇಳಿದ ಪ್ರಶ್ನೆಯನ್ನು ಯಾವ ತಾಯಿಯಾದರೂ ಕೇಳುತ್ತಾಳೆ. ಕೇಳಲೇಬೇಕು.

ನನ್ನ ಅಂಗಡಿಗೆ ಕಾನೂನು ಓದುವ ಒಬ್ಬ ಹುಡುಗಿ ನೋಟ್ಸ್ ಝೆರಾಕ್ಸ್‌ಗೆ ಬರುತ್ತಾಳೆ. ಅವಳಿಗೆ ಇದನ್ನು ಹೇಳಿದಾಗ ನಕ್ಕಳು. ಇಂಟರ್ನೆಟ್ ಕಂಪನಿಗಳಿಗೆ ಕೇಂದ್ರ ಸರ್ಕಾರ ಮಾಡಿದ 2021ರ ಐಟಿ ನಿಯಮಗಳಲ್ಲಿ ಒಂದು ಅಂಶ ಇದೆಯಂತೆ. 50 ಲಕ್ಷಕ್ಕಿಂತ ಜಾಸ್ತಿ ಬಳಕೆದಾರರಿರುವ ಮೆಸೇಜ್ ಕಂಪನಿಗಳು, ಕೋರ್ಟ್ ಅಥವಾ ಸರ್ಕಾರದ ಆದೇಶ ಬಂದರೆ, ಮೊದಲು ಕಳಿಸಿದವರು ಯಾರು ಅಂತ ಹೇಳಬೇಕು. ಹಾಗೆ ಹೇಳಬೇಕಾದರೆ ಎಲ್ಲರ ಮೆಸೇಜಿನ ಗುಟ್ಟನ್ನೂ ಒಡೆಯಬೇಕಾಗುತ್ತದೆ ಎಂದು ವಾಟ್ಸಾಪ್ ದೆಹಲಿ ಹೈಕೋರ್ಟಿಗೆ ಹೋಯಿತು. ಬಲವಂತ ಮಾಡಿದರೆ ಭಾರತವನ್ನೇ ಬಿಟ್ಟು ಹೋಗಬೇಕಾಗುತ್ತದೆ ಅಂತ 2024ರ ಏಪ್ರಿಲ್‌ನಲ್ಲಿ ಅವರ ವಕೀಲರು ಹೇಳಿದರು. "ನೋಡಿ ಅಣ್ಣಾ, ಇಷ್ಟೆಲ್ಲ ಮಾಡಿ ಕೊನೆಗೆ ಸಿಗೋದು ನಿಮ್ಮ ಆ ಅಕ್ಕ" ಎಂದಳು.

2025ರ ಜೂನ್‌ನಲ್ಲಿ ನಮ್ಮ ರಾಜ್ಯದ್ದೇ ಒಂದು ಕರಡು ಮಸೂದೆ ಸುದ್ದಿಯಾಗಿತ್ತು. ಸುಳ್ಳು ಸುದ್ದಿ ಹಾಕಿದವರಿಗೆ 7 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಅದನ್ನು ನಮ್ಮ ಶನಿವಾರದ ಮೇಲೆ ಇಟ್ಟು ನೋಡಿದೆ. ಯಾರಿಗೆ 7 ವರ್ಷ? ಪ್ರಶ್ನೆ ಕೇಳಿದವರಿಗಾ, ಹುಷಾರು ಅಂದವರಿಗಾ, ಮೊಮ್ಮಕ್ಕಳ ಚಿಂತೆಯಲ್ಲಿ ಮುಂದೆ ತಳ್ಳಿದ ಎಪ್ಪತ್ತರ ಅಜ್ಜಾರಿಗಾ? ಏಟು ಕೊಟ್ಟವನನ್ನು ಹಿಡಿಯಲು ಹಳೇ ಕಾನೂನೇ ಸಾಕಿತ್ತು. ಗಲಭೆ ಎಬ್ಬಿಸುವ ಸುಳ್ಳು ವದಂತಿಗೂ ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಂ ಇದೆ. ನಿಜ ಅಂತ ನಂಬಲು ಕಾರಣವಿದ್ದು, ಕೆಟ್ಟ ಉದ್ದೇಶವಿಲ್ಲದೆ ಹೇಳಿದವರಿಗೆ ಅದರಲ್ಲಿ ವಿನಾಯಿತಿಯೂ ಇದೆ.

ಇನ್ನು ಅಡ್ಮಿನ್‌ಗೆ ಜೈಲು ಎಂಬ ಭಯ. ಆ ವಾರ ನನಗೆ ಹತ್ತು ಜನ ಹೇಳಿದರು. ಸದಸ್ಯರು ಹಾಕಿದ್ದಕ್ಕೆ ಬರೀ ಅಡ್ಮಿನ್ ಆಗಿದ್ದ ಕಾರಣಕ್ಕೆ ಹೊಣೆ ಹೊರಿಸುವಂತಿಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲೇ ಹೇಳಿದೆ. ಒಬ್ಬರಂತೂ "66ಎ ಹಾಕ್ತಾರೆ ನೋಡು" ಅಂದರು. ಆನ್‌ಲೈನಿನಲ್ಲಿ ಆಕ್ಷೇಪಾರ್ಹವಾದದ್ದನ್ನು ಹಾಕಿದರೆ ಜೈಲು ಎನ್ನುತ್ತಿದ್ದ ಐಟಿ ಕಾಯ್ದೆಯ ಆ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ಹೊಡೆದು ಹಾಕಿತ್ತು. ತಮಾಷೆ ಏನೆಂದರೆ ಪೊಲೀಸರಿಗೂ ಅದು ಮರೆತಿತ್ತು. ಸತ್ತ ಕಲಮಿನಡಿ ಕೇಸು ಹಾಕುವುದನ್ನು ನಿಲ್ಲಿಸಿ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಮತ್ತೆ ಹೇಳಬೇಕಾಯಿತು.

ಸೋಮವಾರ ಅಜ್ಜಾರು ತಾವಾಗಿಯೇ ಅಂಗಡಿಗೆ ಬಂದರು. ಏನು ಬರೆಯಲಿ ಅಂದರು. ಬರೆಯಬೇಡಿ, ಮಾತಾಡಿ ಅಂದೆ. ಗಿರಣಿಗೆ ಹೋಗಿ ಅದರ ಸದ್ದಿನ ನಡುವೆಯೇ ರೆಕಾರ್ಡ್ ಮಾಡಿದರು. "ನಾನು ಶನಿವಾರ ಕಳಿಸಿದ್ದು ಸುಳ್ಳು. ಅವ್ರು ಕೂದ್ಲು ವ್ಯಾಪಾರದೋರು. ನನ್ನಿಂದ ಒಬ್ಬ ಬಡವನಿಗೆ ಏಟು ಬಿತ್ತು. ಇದನ್ನೂ ಹಂಗೇ ಎಲ್ಲಾ ಗ್ರೂಪಿಗೂ ಕಳಿಸ್ರಿ." ಅದು ಆಟೋ ಗ್ರೂಪಿಗೂ ಹೋಯಿತು, ವಠಾರಕ್ಕೂ ಹೋಯಿತು. ಆಮೇಲೆ ಓಣಿಯಲ್ಲಿ ಯಾರೂ ಮಕ್ಕಳ ಕಳ್ಳರ ಮಾತೆತ್ತಲಿಲ್ಲ. ನಾನು ಎರಡು ದಿನದಿಂದ ಟೈಪ್ ಮಾಡಿದ್ದ ಸ್ಪಷ್ಟನೆಗಳನ್ನು ಯಾರೂ ಓದಿರಲಿಲ್ಲ ಅನ್ನುವುದೂ ಆಗ ಗೊತ್ತಾಯಿತು.

ಕೆಂಪು ನೀರು

ಪ್ರಕರಣ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಶನಿವಾರ ರಾತ್ರಿಯೇ ನಾವು ಗ್ರೂಪಿನ ಸೆಟ್ಟಿಂಗ್ ಬದಲಾಯಿಸಿದ್ದೆವು. ಅಡ್ಮಿನ್ ಮಾತ್ರ ಮೆಸೇಜ್ ಹಾಕಬಹುದು. ಅಜ್ಜಾರ ವಾಯ್ಸನ್ನು ಹಾಕಿದ್ದೂ ನಾವೇ. ಒಂದು ವಾರಕ್ಕೆ ಅಂತ ಮಾಡಿದ್ದು ಮೂರು ವಾರ ಹಾಗೇ ಇತ್ತು. ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತ್ತು. ಜಗಳ ಇಲ್ಲ, ಗುಡ್ ಮಾರ್ನಿಂಗ್ ಇಲ್ಲ.

ನಾಲ್ಕನೇ ವಾರ ಒಬ್ಬ ಅಕ್ಕ ನನ್ನ ನಂಬರಿಗೆ ಒಂದು ಫೋಟೋ ಕಳಿಸಿದರು. ನಲ್ಲಿಯ ಕೆಳಗೆ ಕೊಡ, ಕೊಡದಲ್ಲಿ ಕೆಂಪು ರಾಡಿ. 'ಗ್ರೂಪಿಗೆ ಹಾಕಿ ಅಣ್ಣಾ, ಬೇರೆಯವರ ಮನೇಲೂ ಹಿಂಗೇ ಬರ್ತಿದೆಯಾ ಕೇಳಿ' ಅಂದರು. ಹಾಕುವ ಮೊದಲೇ ಓಣಿಯ ಮುಖಂಡರೊಬ್ಬರ ಫೋನು. ಅಕ್ಕ ಅವರಿಗೂ ಕಳಿಸಿದ್ದರು. "ಅದು ಹಳೇ ಫೋಟೋ ಕಣೋ. ಸುಳ್ಳು ಸುದ್ದಿ. ಮೊನ್ನೆ ತಾನೆ ಅಷ್ಟು ದೊಡ್ಡ ರಾದ್ಧಾಂತ ಆಗಿದೆ, ಮತ್ತೆ ಗಾಬರಿ ಎಬ್ಬಿಸ್ಬೇಡ."

ನನ್ನದೇ ಮಾತು ನನಗೆ ತಿರುಗಿ ಬಂದಿತ್ತು. ಇನ್ನೊಂದು ವಿಷಯ: ಆ ಮುಖಂಡರ ಕಡೆಯ ಕರಪತ್ರ, ಆಮಂತ್ರಣದ ಕೆಲಸ ನನ್ನ ಅಂಗಡಿಗೇ ಬರುತ್ತದೆ. ಒಂದು ರಾತ್ರಿ ಪೂರ್ತಿ ಆ ಫೋಟೋ ನನ್ನ ಫೋನಿನಲ್ಲೇ ಉಳಿಯಿತು. ನಾನು ಏನನ್ನೂ ಅಳಿಸಲಿಲ್ಲ. ಸುಮ್ಮನೆ ಹಾಕಲಿಲ್ಲ, ಅಷ್ಟೇ.

ಬೆಳಿಗ್ಗೆ ಎದ್ದು ಅಕ್ಕನ ಮನೆಗೆ ಹೋದೆ. ಕೊಡ ಅಲ್ಲೇ ಇತ್ತು, ರಾಡಿ ತಳಕ್ಕೆ ಇಳಿದಿತ್ತು. ಓಣಿಯ ತುದಿಯಲ್ಲಿ ಯಾರೋ ಕೇಬಲ್ ಹಾಕಲು ರಸ್ತೆ ಅಗೆದು ಪೈಪು ಒಡೆದಿದ್ದರು, ಮಣ್ಣು ನೀರಿಗೆ ಸೇರುತ್ತಿತ್ತು. ಮುಖಂಡರಿಗೆ ಅದು ಗೊತ್ತಿರಲಿಲ್ಲ ಅಂತಲೇ ನಾನು ನಂಬುತ್ತೇನೆ. ಆದರೆ ಗೊತ್ತಿಲ್ಲದೆಯೇ ಅದು ಸುಳ್ಳು ಅಂತ ಅವರು ಖಚಿತವಾಗಿ ಹೇಳಿದರಲ್ಲ? ಆ ರಾತ್ರಿಯೂ ಹದಿನೈದು ಇಪ್ಪತ್ತು ಮನೆಯವರು ಅದೇ ನೀರನ್ನು ತುಂಬಿಕೊಂಡಿದ್ದರು.

ಲಾ ಓದುವ ಹುಡುಗಿಗೆ ಇದನ್ನು ಹೇಳಿದಾಗ ಈ ಸಲ ಅವಳು ನಗಲಿಲ್ಲ. ಇದೇ ಕಥೆ ದೆಹಲಿಯ ಮಟ್ಟದಲ್ಲಿ ನಡೆದಿದೆ ಎಂದಳು. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಐಟಿ ನಿಯಮ ತಿದ್ದಿ, ತನ್ನ ಕೆಲಸ ಕಾರ್ಯದ ಬಗ್ಗೆ ಬರುವ ಸುದ್ದಿಯಲ್ಲಿ ಸುಳ್ಳು ಯಾವುದು ಅಂತ ಗುರುತಿಸಲು ತನ್ನದೇ ಫ್ಯಾಕ್ಟ್ ಚೆಕ್ ಘಟಕಕ್ಕೆ ಅಧಿಕಾರ ಕೊಟ್ಟಿತು. ಹಾಸ್ಯ ಕಲಾವಿದ ಕುನಾಲ್ ಕಾಮ್ರಾ ಮತ್ತಿತರರು ಬಾಂಬೆ ಹೈಕೋರ್ಟಿಗೆ ಹೋದರು. 2024ರ ಜನವರಿಯಲ್ಲಿ ಇಬ್ಬರು ನ್ಯಾಯಮೂರ್ತಿಗಳು ಒಂದಕ್ಕೊಂದು ಎದುರಾದ ಎರಡು ತೀರ್ಪು ಕೊಟ್ಟರು. ಮಾರ್ಚ್‌ನಲ್ಲಿ ಘಟಕದ ಅಧಿಸೂಚನೆಗೆ ಸುಪ್ರೀಂ ಕೋರ್ಟ್ ತಡೆ ಹಾಕಿತು. ಸೆಪ್ಟೆಂಬರ್ 20ರಂದು ಮೂರನೆಯ ನ್ಯಾಯಮೂರ್ತಿ ಆ ನಿಯಮ ಸಂವಿಧಾನಕ್ಕೆ ವಿರುದ್ಧ ಎಂದರು. ಯಾರ ಮೇಲೆ ದೂರು ಇದೆಯೋ ಅವರೇ ದೂರು ಸುಳ್ಳೋ ನಿಜವೋ ಅಂತ ಹೇಳುವುದು ಹೇಗೆ?

ಕಟ್ಟೆಯ ಮೇಲೆ

ಮುಂದಿನ ಭಾನುವಾರ ಆಂಜನೇಯ ಗುಡಿ ಕಟ್ಟೆಯ ಮೇಲೆ ಸೇರಿದೆವು. ಮೂವತ್ತು ಜನ ಬಂದಿದ್ದರು, ಅರ್ಧ ಜನ ಪ್ರಸಾದಕ್ಕೆ. ಮೊದಲು ನನ್ನ ತಪ್ಪು ಎರಡನ್ನೂ ಹೇಳಿದೆ: ಒಂದು ಕಾರಣ ಹೇಳದೆ ತೆಗೆದದ್ದು, ಇನ್ನೊಂದು ಕಾರಣ ಹೇಳದೆ ಹಾಕದೆ ಇದ್ದದ್ದು.

ಜವಳಿ ಅಂಗಡಿಯ ಹುಡುಗ ಎಲ್ಲವನ್ನೂ ತೆರೆದುಬಿಡಿ, ಏನನ್ನೂ ಅಳಿಸಬೇಡಿ ಅಂದ. ಮೇಡಂ ಒಪ್ಪಲಿಲ್ಲ. ಒಂದೂವರೆ ಗಂಟೆ ಜಗಳವಾಯಿತು. ಕೊನೆಗೆ ನಿಂತದ್ದು ಇದು. ಒಬ್ಬ ಮನುಷ್ಯನ ಮುಖ ಹಾಕಿ ಕಳ್ಳ ಅಂದರೆ, ಮಗುವಿನ ಫೋಟೋ ಹಾಕಿದರೆ, ಯಾರದಾದರೂ ನಂಬರು ವಿಳಾಸ ಹಾಕಿದರೆ ಅಡ್ಮಿನ್ ಕೂಡಲೇ ತೆಗೆಯಬೇಕು. ತೆಗೆದ ಮರುಕ್ಷಣ ಯಾಕೆ ತೆಗೆದೆ ಅಂತ ಬರೆಯಬೇಕು. ನೀರು, ರಸ್ತೆ, ರೇಷನ್, ದೀಪದ ದೂರನ್ನು ಯಾರು ಫೋನ್ ಮಾಡಿದರೂ ತೆಗೆಯುವಂತಿಲ್ಲ. ಸುಳ್ಳು ಅನ್ನುವವರು ಅದೇ ಫೋಟೋದ ಕೆಳಗೆ ತಮ್ಮ ಉತ್ತರ ಹಾಕಲಿ. ದೂರು ಯಾರ ಮೇಲಿದೆಯೋ ಅವರ ಹತ್ತಿರ ಕೆಲಸ ಮಾಡಿಸಿಕೊಳ್ಳುವ, ಕೊಡುವ ಅಡ್ಮಿನ್ ಆ ವಿಷಯಕ್ಕೆ ಕೈ ಹಾಕಬಾರದು. ಇದು ನನಗೇ ಹೇಳಿದ್ದು ಅಂತ ಎಲ್ಲರಿಗೂ ಗೊತ್ತಿತ್ತು, ಮುಖಂಡರಿಗೂ.

ಕಾರಣ ಬರೆಯುವ ಮಾತು ಬಂದಾಗ ಹುಡುಗಿ ಹೇಳಿದ್ದು ನನ್ನ ತಲೆಯಲ್ಲಿ ಉಳಿದಿದೆ. 2015ರ ಅದೇ ತೀರ್ಪಿನಲ್ಲಿ 66ಎ ಬಿತ್ತು, ವೆಬ್‌ಸೈಟ್ ತಡೆಯುವ 69ಎ ಉಳಿಯಿತು. ಉಳಿಯಲು ಒಂದು ಕಾರಣ, ಅದರಡಿ ಆದೇಶಕ್ಕೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು ಎಂದಿರುವುದು. ಆದರೆ ಅದರ ನಿಯಮಗಳಲ್ಲೇ ದೂರು ಮತ್ತು ಕ್ರಮವನ್ನು ಗುಟ್ಟಾಗಿಡಬೇಕು ಅಂತಲೂ ಇದೆ. ಬರೆದ ಕಾರಣ ಬೀರುವಿನಲ್ಲಿ ಇದ್ದರೆ ಓಣಿಯವರಿಗೆ ಏನು ಬಂತು?

ಈ ನಿಯಮ ಸಲೀಸಾಗಿ ನಡೆಯುತ್ತಿದೆ ಅಂತ ಹೇಳಲಾರೆ. ಹಬ್ಬದ ಸಮಯದಲ್ಲಿ ಒಂದು ಫಾರ್ವರ್ಡನ್ನು ತೆಗೆಯಬೇಕೋ ಬೇಡವೋ ಅಂತ ಮೇಡಂ ಮತ್ತು ಹುಡುಗ ಎರಡು ದಿನ ಮಾತು ಬಿಟ್ಟಿದ್ದರು. ನಲವತ್ತು ಜನ ಗ್ರೂಪ್ ಬಿಟ್ಟು ಹೋದರು. ಕೆಂಪು ನೀರಿನ ಫೋಟೋ ಮಾತ್ರ ಹಾಗೇ ಇದೆ. ಅದರ ಕೆಳಗೆ ಮುಖಂಡರ ಉತ್ತರ, ಅದರ ಕೆಳಗೆ ರಿಪೇರಿಯಾದ ಪೈಪಿನ ಫೋಟೋ. ಅದನ್ನು ಹಾಕಿದ್ದೂ ಅವರೇ.

ಕೂದಲಿನವರು ಬಹಳ ದಿನ ಬರಲಿಲ್ಲ. ದಸರಾ ಕಳೆದ ಮೇಲೆ ಒಂದು ಮಧ್ಯಾಹ್ನ ಒಬ್ಬನೇ ಬಂದ, ತುಟಿ ಒಡೆದಿದ್ದವನು. ಸದ್ದಿಲ್ಲದೆ ಬಂದು ಅಜ್ಜಿಯ ಬಾಗಿಲ ಮುಂದೆ ಮೊಪೆಡ್ ನಿಲ್ಲಿಸಿದ. ಅಜ್ಜಿ ಕಿಟಕಿ ಸಂದಿಯಿಂದ ಕೂದಲ ಕವರ್ ತೆಗೆಯುತ್ತಾ, "ಮೈಕ್ ಎಲ್ಲಪ್ಪಾ?" ಎಂದರು.

"ಕೆಟ್ಟೈತಮ್ಮ" ಅಂದ.

ಮೈಕ್ ಹ್ಯಾಂಡಲ್‌ಗೇ ಕಟ್ಟಿತ್ತು. ವೈರ್ ಬಿಚ್ಚಿ ಸುತ್ತಿಟ್ಟಿದ್ದ. ಪಕ್ಕದ ಮನೆಯ ಪಾಪು ಬಂದು ನಿಂತಿತು. ಅವನು ಅತ್ತ ಇತ್ತ ನೋಡಿ, ಬಲೂನನ್ನು ಪಾಪು ಕೈಗೆ ಕೊಡದೆ ಅಜ್ಜಿಯ ಕೈಗೆ ಕೊಟ್ಟ.